ಕಥೆಯನ್ನು ಎರಡನೇ ಸಲ ಹೇಳಿಸಿ

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಒಂದು ಶಿಕ್ಷಕ ತರಬೇತಿ ಕೇಂದ್ರದಲ್ಲಿ ಡಿ.ಎಲ್.ಎಡ್. (ಪ್ರಾಥಮಿಕ ಶಾಲೆಯ ಶಿಕ್ಷಕರಾಗುವವರ ಡಿಪ್ಲೊಮಾ) ಕನ್ನಡ ವಿಭಾಗಕ್ಕೆ ಪಾಠ ಮಾಡುತ್ತೇನೆ. ಶಾಲೆಗಳಿಗೆ ಅಭ್ಯಾಸ ಪಾಠಕ್ಕೆ ಕಳಿಸುವ ಮೊದಲು "ನಿಮ್ಮ ಶಾಲೆಯ ದಿನಗಳ ಒಂದು ಅನುಭವ ಹೇಳಿ" ಅಂದೆ. ಹೆಚ್ಚಿನವರು "ನನಗೆ ಸ್ಫೂರ್ತಿ ಕೊಟ್ಟ ಟೀಚರ್" ಅಂತ ಬೀಳ್ಕೊಡುಗೆ ಭಾಷಣ ಮಾಡಿದರು. ಇಬ್ಬರು ಅತ್ತುಬಿಟ್ಟರು. ಒಬ್ಬ ಹುಡುಗ ಈಗಲೂ ಕೆಲಸದಲ್ಲಿರುವ ಮಾಸ್ಟ್ರ ಹೆಸರು ಹಿಡಿದೇ ಬೈದ. "ಪೆಟ್ಟು ತಿಂದದ್ದರಿಂದಲೇ ನಾನು ಇಲ್ಲಿವರೆಗೆ ಬಂದೆ" ಅಂತ ಒಬ್ಬಳು ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ರಿನ್ಸಿಪಾಲರು "ಇದು ಸಿಲೆಬಸ್‌ನಲ್ಲಿ ಎಲ್ಲಿದೆ" ಅಂತ ಕೇಳುತ್ತಿದ್ದಾರೆ. ಮುಂದುವರಿಸಲೋ ಬಿಡಲೋ? ನನ್ನ ಕಥೆಯನ್ನೂ ಹೇಳಬೇಕಾ? ಒಬ್ಬರ ಮನೆಮಾತು ತುಳು, ಒಬ್ಬರದು ಹವ್ಯಕ, ಇನ್ನೊಬ್ಬರದು ಮಲಯಾಳ. ಯಾವ ಭಾಷೆಯಲ್ಲಿ ಹೇಳಿಸಲಿ?

ಉತ್ತರ:

ಟೀಚರೇ, ಬಿಡಬೇಡಿ. ಹಾಗಂತ ಈಗ ಮಾಡಿದ ಹಾಗೆಯೇ ಮುಂದುವರಿಸಲೂ ಬೇಡಿ. ನೀವು ಹೇಳಿಸಿದಿರಿ, ಎಲ್ಲರೂ ಕೇಳಿದರು, ಬೆಲ್ ಹೊಡೆಯಿತು, ಎದ್ದು ಹೋದರು. ಆದದ್ದು ಅರ್ಧ ಕೆಲಸ, ಅದೂ ಅಪಾಯದ ಅರ್ಧ. ಸ್ವಂತ ಕಥೆಯಿಂದ ಶಿಕ್ಷಕರಾಗುವವರು ಏನಾದರೂ ಕಲಿಯುವುದಿದ್ದರೆ ಅದೇ ಕಥೆಯನ್ನು ಎರಡನೇ ಸಲ, ಬೇರೆ ಜಾಗದಲ್ಲಿ ನಿಂತು ಹೇಳುವಾಗ ಕಲಿಯುತ್ತಾರೆ. ನನಗೆ ಇದು ಗೊತ್ತಾದದ್ದು ನನ್ನದೇ ಒಂದು ಕಥೆ ಕೈಜಾರಿದಾಗ. ಮೊದಲು ಅದನ್ನು ಹೇಳಿಬಿಡುತ್ತೇನೆ.

ಕೆಲಸಕ್ಕೆ ಸೇರಿದ ಮೊದಲ ವರ್ಷ. ಒಂದು ಕನ್ನಡ ಎಲ್‌ಪಿ (ಕಿರಿಯ ಪ್ರಾಥಮಿಕ) ಶಾಲೆ, ಮೂರನೇ ಕ್ಲಾಸು. "ನಿಮ್ಮ ಮನೆಯಲ್ಲಿರುವ ವಸ್ತುಗಳ ಪಟ್ಟಿ ಮಾಡಿ" ಅಂತ ಹೇಳಿದೆ. ಬೋರ್ಡಿನಲ್ಲಿ "ಪಟ್ಟಿ" ಅಂತ ದೊಡ್ಡದಾಗಿ ಬರೆದೆ, ನಾನು ಹಾಜರಿ ಪುಸ್ತಕ ಹಿಡಿದು ಕೂತೆ. ಸ್ವಲ್ಪ ಹೊತ್ತು ಕಳೆದು ಎದ್ದು ನೋಡಿದರೆ ಒಬ್ಬ ಹುಡುಗ ಸ್ಲೇಟಿನ ತುಂಬ ನಾಯಿಯ ಚಿತ್ರ ಬಿಡಿಸಿದ್ದಾನೆ. ಬಾಲ, ಕಿವಿ ಎಲ್ಲ ಸರಿಯಾಗಿಯೇ ಇತ್ತು. ನನಗೆ ಸಿಟ್ಟು ಬಂತು. ಹೊಸ ಮಾಸ್ಟ್ರು ಅಂತ ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡು ಅವನನ್ನು ಹೊರಗೆ ಜಗಲಿಯಲ್ಲಿ ನಿಲ್ಲಿಸಿದೆ. ಮಧ್ಯಾಹ್ನ ಊಟದ ಹೊತ್ತಿಗೆ ಹಿರಿಯ ಟೀಚರ್ ಒಬ್ಬರು ನಗುತ್ತಾ ಹೇಳಿದರು: "ಮಾಷೇ, ಅವನ ಮನೆಯಲ್ಲಿ ಮಲಯಾಳ. ಮಲಯಾಳದಲ್ಲಿ ಪಟ್ಟಿ ಅಂದರೆ ನಾಯಿ ಅಲ್ವಾ?"

ಆಮೇಲೆ ಈ ಕಥೆ ನನ್ನ ಖಾಯಂ ಸರಕಾಯಿತು. ಕ್ಲಸ್ಟರ್ ತರಬೇತಿ ಇರಲಿ, ಬಿಆರ್‌ಸಿ (ಬ್ಲಾಕ್ ಸಂಪನ್ಮೂಲ ಕೇಂದ್ರ) ಇರಲಿ, ಭಾಷೆಯ ವಿಷಯ ಬಂದರೆ ಸಾಕು, ನಾಯಿ ಹೊರಗೆ ಬರುತ್ತಿತ್ತು. ಎಲ್ಲರೂ ನಗುತ್ತಿದ್ದರು. ವರ್ಷಗಟ್ಟಲೆ ಹೇಳಿದ್ದೇನೆ, ಹೇಳಿ ಹೇಳಿ ಎಲ್ಲಿ ಸ್ವರ ಇಳಿಸಬೇಕು, ಎಲ್ಲಿ ನಿಲ್ಲಿಸಬೇಕು ಅಂತ ಕೂಡ ಪಕ್ಕಾ ಆಗಿತ್ತು. ಒಂದು ಸಲ ಹಿಂದಿನ ಬೆಂಚಿನ ಒಬ್ಬ ವಿದ್ಯಾರ್ಥಿನಿ ಮಾತ್ರ ನಗಲಿಲ್ಲ. ಕೈ ಎತ್ತಿ ಕೇಳಿದಳು: "ಸರ್, ಆ ಹುಡುಗನನ್ನು ಒಳಗೆ ಕರೆದದ್ದು ಯಾವಾಗ?"

ನನಗೆ ನೆನಪಿಲ್ಲ. ಕರೆದಿರಬೇಕು, ಆದರೆ ನೆನಪಿಲ್ಲ. ನನ್ನ ಕಥೆಯಲ್ಲಿ ಅವನು ಅಷ್ಟು ವರ್ಷ ಜಗಲಿಯಲ್ಲೇ ನಿಂತಿದ್ದ.

ಆ ರಾತ್ರಿ ಕೂತು ಅದೇ ಕಥೆಯನ್ನು ಅವನ ಬಾಯಲ್ಲಿ ಬರೆಯಲು ನೋಡಿದೆ. ಮೂರೇ ವಾಕ್ಯ ಬಂತು. "ಮಾಷ್ ಪಟ್ಟಿ ಮಾಡಿ ಅಂದರು. ನಾನು ಮಾಡಿದೆ. ಹೊರಗೆ ಹಾಕಿದರು." ಅದರಲ್ಲಿ ತಮಾಷೆಯೇ ಇರಲಿಲ್ಲ. ಅಲ್ಲಿವರೆಗೆ ಇದು ಭಾಷೆಯ ಕಥೆ ಅಂದುಕೊಂಡಿದ್ದೆ. ನೋಡಿದರೆ ಇದು ನನ್ನ ಸಂಶಯದ ಕಥೆ. ಮಗು ಬೇರೆ ಏನಾದರೂ ಮಾಡಿದರೆ ಅದಕ್ಕೆ ಅರ್ಥವಾಗಲಿಲ್ಲ ಅಂತ ಮೊದಲು ಯೋಚಿಸುವುದಾ, ಅಥವಾ ಅಹಂಕಾರ ಅಂತ ಯೋಚಿಸುವುದಾ? ನಾನು ಎರಡನೆಯದನ್ನು ಯೋಚಿಸಿದ್ದೆ, ಮತ್ತು ಅದನ್ನು ಯಾರೂ ನನಗೆ ಟಿಟಿಸಿಯಲ್ಲಿ, ಅಂದರೆ ಶಿಕ್ಷಕ ತರಬೇತಿಯಲ್ಲಿ, ಕಲಿಸಿರಲಿಲ್ಲ. ನನಗೆ ಕಲಿಸಿದ ಮಾಸ್ಟ್ರುಗಳನ್ನು ನೋಡಿ ನೋಡಿ ಬಂದದ್ದು.

ನೋಡಿ ಬಂದದ್ದು ಅಂದೆನಲ್ಲ, ಇದರಲ್ಲೇ ನಿಮ್ಮ ಪ್ರಿನ್ಸಿಪಾಲರಿಗೆ ಅರ್ಧ ಉತ್ತರ ಇದೆ. ಲೆಕ್ಕ ಹಾಕಿ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕಡಿಮೆ ಅಂದರೂ 800 ಗಂಟೆ ಪಾಠ, ಆರರಿಂದ ಎಂಟಕ್ಕೆ 1000 ಗಂಟೆ. ಎಂಟನೇ ಕ್ಲಾಸು ಮುಗಿಸುವಾಗ 7000 ಗಂಟೆ. ಹೈಸ್ಕೂಲು, ಪ್ಲಸ್ ಟೂ ಸೇರಿಸಿದರೆ ಇನ್ನೂ ಜಾಸ್ತಿ. ಅಷ್ಟು ಹೊತ್ತು ಬೆಂಚಿನಲ್ಲಿ ಕೂತು ಟೀಚರ್ ಅಂದರೆ ಹೀಗೆ ಅಂತ ನೋಡಿದ ಮಕ್ಕಳು ನಿಮ್ಮ ಹತ್ತಿರ ಬರುತ್ತಾರೆ. ಅಮೆರಿಕದ ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲಿ ಇದಕ್ಕೆ ಒಂದು ಹೆಸರು ಕೊಟ್ಟರು, ಕನ್ನಡದಲ್ಲಿ ಹೇಳುವುದಾದರೆ "ನೋಡಿ ನೋಡಿ ಕಲಿಯುವ ಶಿಷ್ಯತನ". ಅಲ್ಲಿಯ ಲೆಕ್ಕದಲ್ಲಿ ಅವರು ಹೇಳಿದ್ದು 13,000 ಗಂಟೆ. ಅವರ ಮಾತಿನ ಮುಖ್ಯ ತಿರುಳು ಬೇರೆ: ಬೆಂಚಿನಿಂದ ಕಾಣುವುದು ಟೀಚರ್ ಮಾಡುವ ಕೆಲಸದ ಮುಂಭಾಗ ಮಾತ್ರ. ಯಕ್ಷಗಾನ ನೋಡಿದವರಿಗೆ ರಂಗಸ್ಥಳ ಗೊತ್ತು, ವೇಷ ಕಟ್ಟುವ ಚೌಕಿ ಗೊತ್ತಿಲ್ಲ ಅನ್ನುವ ಹಾಗೆ. ಟೀಚರ್ ಯಾಕೆ ಅವನನ್ನೇ ಎಬ್ಬಿಸಿದರು, ಹಿಂದಿನ ರಾತ್ರಿ ಏನು ತಯಾರಿ ಮಾಡಿದ್ದರು, ಏನು ಹೇಳಬೇಕು ಅಂದುಕೊಂಡು ಹೇಳದೆ ಬಿಟ್ಟರು, ಇದು ಯಾವುದೂ ಮಗುವಿಗೆ ಕಾಣುವುದಿಲ್ಲ.

ನೀವು ಎರಡು ವರ್ಷದಲ್ಲಿ ಹೇಳಿಕೊಡುವ ಬೋಧನ ವಿಧಾನಗಳು ಈ ಹಳೆಯ ರಾಶಿಯ ಮೇಲೆ ಬೀಳುತ್ತವೆ. ಮೊದಲ ವಾರ ಗದ್ದಲ ಎದ್ದ ಕೂಡಲೇ ಮೇಲಿನದ್ದು ಜಾರಿ ಕೆಳಗಿನದ್ದು ಹೊರಗೆ ಬರುತ್ತದೆ. ಕಥೆ ಹೇಳಿಸುವುದು ಆ ರಾಶಿಯನ್ನು ಬಿಸಿಲಿಗೆ ಹರವಿ ನೋಡಲಿಕ್ಕೆ. ಯಾರನ್ನೂ ಅಳಿಸಲಿಕ್ಕೆ ಅಲ್ಲ, ಯಾರಿಂದಲೂ ಚಪ್ಪಾಳೆ ಹೊಡೆಸಲಿಕ್ಕೂ ಅಲ್ಲ.

ಈಗ ಆ ಚಪ್ಪಾಳೆಯ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಅತಿ ಗಂಭೀರ ಅನ್ನಿಸಿದ್ದು ಅದೇ, ಅತ್ತದ್ದಲ್ಲ. "ಪೆಟ್ಟು ತಿಂದದ್ದರಿಂದಲೇ ಬಂದೆ" ಅನ್ನುವುದು ನಮ್ಮ ಕಡೆ ಎಲ್ಲ ಬ್ಯಾಚಿನಲ್ಲೂ ಬರುವ ಕಥೆ. ಆ ಹುಡುಗಿ ಸುಳ್ಳು ಹೇಳುತ್ತಿಲ್ಲ. ಅವಳಿಗೆ ಹಾಗೆಯೇ ಅನ್ನಿಸಿದೆ. ಆದರೆ ಕಥೆಯ ಗುಣವೇ ಅದು, ನಂಬುವ ಹಾಗಿದ್ದರೆ ಸಾಕು, ನಿಜವೋ ಅಂತ ಯಾರೂ ಕೇಳುವುದಿಲ್ಲ. ಮನೋವಿಜ್ಞಾನಿ ಜೆರೋಮ್ ಬ್ರೂನರ್ 1986ರಲ್ಲಿ ಈ ವ್ಯತ್ಯಾಸವನ್ನು ಚೆನ್ನಾಗಿ ಬಿಡಿಸಿದ್ದರು. ವಾದ ಮಾಡುವವನ ಹತ್ತಿರ ನಾವು ಪುರಾವೆ ಕೇಳುತ್ತೇವೆ. ಕಥೆ ಹೇಳುವವನ ಹತ್ತಿರ ಕೇಳುವುದಿಲ್ಲ, ಅದು ಬದುಕಿನ ಹಾಗೆ ಇದ್ದರೆ ಆಯಿತು. ಹಾಗಾಗಿ ಅವಳ ಒಂದು ಕಥೆ ಆ ಕೋಣೆಯಲ್ಲಿ ನೀವು ಮಾಡಿದ ಮಕ್ಕಳ ಮನೋವಿಜ್ಞಾನದ ಹತ್ತು ಪಾಠಗಳನ್ನು ಅಳಿಸಿ ಹಾಕಿತು.

ಅವಳನ್ನು ತಿದ್ದಲು ಹೋಗಬೇಡಿ. "ಶಿಕ್ಷಣ ಹಕ್ಕು ಕಾಯಿದೆಯ 17ನೇ ವಿಧಿಯಲ್ಲಿ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡೂ ನಿಷಿದ್ಧ" ಅಂತ ಹೇಳಬೇಕು, ಹೇಳಿ, ಅದು ಕಾನೂನು. ಆದರೆ ಕಾನೂನು ಹೇಳಿದ ಮಾತ್ರಕ್ಕೆ ಅವಳ ಕಥೆ ಬದಲಾಗುವುದಿಲ್ಲ. ಪರೀಕ್ಷೆಯಲ್ಲಿ ವಿಧಿ ಬರೆಯುತ್ತಾಳೆ, ಕ್ಲಾಸಿನಲ್ಲಿ ಬೆತ್ತ ಹುಡುಕುತ್ತಾಳೆ. ಅದರ ಬದಲು ಎರಡನೇ ಸಲ ಹೇಳಿಸಿ. ಕೇಳಬೇಕಾದದ್ದು ತೀರಾ ಸಣ್ಣ ಸಣ್ಣ ಪ್ರಶ್ನೆಗಳು. ಆ ದಿನ ನಿನ್ನ ಜೊತೆ ಇನ್ನು ಯಾರು ಯಾರಿಗೆ ಪೆಟ್ಟು ಬಿತ್ತು? ಅವರೆಲ್ಲ ಈಗ ಎಲ್ಲಿದ್ದಾರೆ? ಪೆಟ್ಟು ಬಿದ್ದ ಮರುದಿನ ನೀನು ಆ ಲೆಕ್ಕವನ್ನು ಹೇಗೆ ಕಲಿತೆ, ಯಾರು ಹೇಳಿಕೊಟ್ಟರು? ಒಬ್ಬ ವಿದ್ಯಾರ್ಥಿಗೆ ಹೀಗೆ ಕೇಳುತ್ತಾ ಹೋದಾಗ, ರಾತ್ರಿ ಚಿಮಿಣಿ ದೀಪದ ಬುಡದಲ್ಲಿ ಅಕ್ಕ ಹೇಳಿಕೊಟ್ಟದ್ದು ಹೊರಗೆ ಬಂತು. ಮಗ್ಗಿ ಬಂದದ್ದು ಅಕ್ಕನಿಂದ. ಹೆಸರು ಹೋದದ್ದು ಬೆತ್ತಕ್ಕೆ. ಅವನ ಪಕ್ಕದ ಬೆಂಚಿನವನಿಗೂ ಅದೇ ಪೆಟ್ಟು ಬಿದ್ದಿತ್ತು, ಮನೆಯಲ್ಲಿ ಅಕ್ಕ ಇರಲಿಲ್ಲ, ಅವನು ಆರನೇ ಕ್ಲಾಸಿಗೆ ಶಾಲೆ ಬಿಟ್ಟ. ಇದನ್ನು ನಾನು ಹೇಳಬೇಕಾಗಲಿಲ್ಲ, ಅವನೇ ಹೇಳಿದ, ಹೇಳಿ ಸ್ವಲ್ಪ ಹೊತ್ತು ಸುಮ್ಮನೆ ಕೂತ.

ಶಾಲೆ ಬಿಟ್ಟವನು ತರಬೇತಿ ಕೇಂದ್ರಕ್ಕೆ ಬಂದು ಕಥೆ ಹೇಳುವುದಿಲ್ಲ ಅಲ್ವಾ. ನಿಮ್ಮ ಕೋಣೆಯಲ್ಲಿ ಕೂತವರೆಲ್ಲ ಹೇಗೋ ದಾಟಿ ಬಂದವರು.

ನಮ್ಮ ಊರಿನವರಿಗೆ ಎರಡನೇ ಸಲ ಹೇಳುವುದು ಹೊಸ ವಿದ್ಯೆ ಏನಲ್ಲ. ಯಕ್ಷಗಾನ ಪ್ರಸಂಗಗಳ ಕವಿ ಪಾರ್ತಿಸುಬ್ಬನ ಕುಂಬಳೆ ಇದು. ಮಳೆಗಾಲದಲ್ಲಿ ತಾಳಮದ್ದಳೆ, ಅಂದರೆ ವೇಷ ಇಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನ, ಕೇಳಿ ಬೆಳೆದವರು ನಾವು. ವಾಲಿ ವಧೆಯ ಕಥೆ ಯಾರಿಗೆ ಗೊತ್ತಿಲ್ಲ? ರಾಮ ಮರೆಯಲ್ಲಿ ನಿಂತು ಬಾಣ ಬಿಟ್ಟ, ವಾಲಿ ಬಿದ್ದ. ಆದರೆ ಬಿದ್ದ ವಾಲಿ ಮಾತಾಡಲು ಶುರು ಮಾಡಿದ ಮೇಲೆ ಅದೇ ಕಥೆ ಬೇರೆಯಾಗುತ್ತದೆ. ಅದರಲ್ಲಿ ಪಾತ್ರವಾಗಿ ಮಾತಾಡುವವರು ಅರ್ಥಧಾರಿ; ಅಂಥ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ಮನೆಗೆ ಹೋಗುವಾಗ ರಾಮ ಮಾಡಿದ್ದು ಸರಿಯೋ ಅಂತ ದಾರಿಯುದ್ದಕ್ಕೂ ವಾದ ಮಾಡಿಕೊಂಡು ಹೋಗುತ್ತಿದ್ದರು. ಪದ್ಯ ಒಂದೇ, ಅರ್ಥ ಎರಡು. ನಿಮ್ಮ ಕ್ಲಾಸಿನಲ್ಲಿ ಕೊರತೆಯಾದದ್ದು ಎದುರು ಅರ್ಥಧಾರಿ. ಎಲ್ಲರೂ ತಮ್ಮ ತಮ್ಮ ಕಥೆಯಲ್ಲಿ ರಾಮನೇ ಆಗಿ ಎದ್ದು ಹೋದರು.

ಹಾಗಾಗಿ ನಾನು ಹೀಗೆ ಮಾಡುತ್ತೇನೆ. ಕಥೆಯಲ್ಲಿ ಬರುವ ಇನ್ನೊಬ್ಬರ ಜಾಗದಲ್ಲಿ ಕೂತು ಅದನ್ನೇ ಮತ್ತೆ ಬರೆಯಬೇಕು, "ನಾನು" ಅಂತಲೇ ಶುರು ಮಾಡಿ. ಬೈದ ಟೀಚರ್ ಆಗಬಹುದು, ನೋಡುತ್ತಾ ಕೂತ ಪಕ್ಕದವನಾಗಬಹುದು, ಮನೆಯಲ್ಲಿ ಕಾದ ಅಮ್ಮ ಆಗಬಹುದು. ಎಲ್ಲರಿಗೂ ಅತಿ ಕಷ್ಟ ಆಗುವುದು ಟೀಚರ್ ಜಾಗದಲ್ಲಿ ಕೂರುವುದು. ಯಾಕೆಂದರೆ ಆ ದಿನ ಟೀಚರಿಗೆ ಏನಾಗಿತ್ತು ಅಂತ ಗೊತ್ತೇ ಇಲ್ಲ. ಗೊತ್ತಿಲ್ಲ ಅನ್ನುವುದು ಗೊತ್ತಾಗುವುದೇ ಅಲ್ಲಿಯ ಲಾಭ. ಟೀಚರನ್ನು ಒಳ್ಳೆಯವರು ಮಾಡಲಿಕ್ಕೆ ಇದಲ್ಲ, ತಪ್ಪು ತಪ್ಪೇ. ಆದರೆ ತಪ್ಪು ಮಾಡುವವರು ರಾಕ್ಷಸರಲ್ಲ, ಮೂರು ಕ್ಲಾಸನ್ನು ಒಟ್ಟಿಗೆ ನೋಡಿಕೊಳ್ಳುತ್ತಿದ್ದ, ಮಧ್ಯಾಹ್ನದೂಟದ ಲೆಕ್ಕ ಬರೆಯುತ್ತಿದ್ದ ಮನುಷ್ಯರು ಅಂತ ಕಂಡರೆ "ನಾನೂ ಹೀಗೆ ಮಾಡಿಯೇನು" ಅನ್ನುವ ಹೆದರಿಕೆ ಹುಟ್ಟುತ್ತದೆ. ಆ ಹೆದರಿಕೆ ಒಳ್ಳೆಯದು.

ಬೀಳ್ಕೊಡುಗೆ ಭಾಷಣ ಬಂದದ್ದು ಮಕ್ಕಳ ತಪ್ಪಲ್ಲ, ನಿಮ್ಮ ಪ್ರಶ್ನೆಯ ತಪ್ಪು, ಬೇಸರಿಸಬೇಡಿ. "ಒಂದು ಅನುಭವ ಹೇಳಿ" ಅಂದರೆ ಎಲ್ಲರೂ ದೊಡ್ಡದನ್ನೇ ಹುಡುಕುತ್ತಾರೆ. ದೊಡ್ಡದು ಸಿಕ್ಕಿದರೆ ಅಳು, ಸಿಗದಿದ್ದರೆ ಭಾಷಣ. ಸಣ್ಣದನ್ನು ಕೇಳಿ. ನಾಲ್ಕನೇ ಕ್ಲಾಸಿನಲ್ಲಿ ನೀನು ಎಲ್ಲಿ ಕೂರುತ್ತಿದ್ದೆ, ಅಲ್ಲಿಂದ ಬೋರ್ಡು ಹೇಗೆ ಕಾಣುತ್ತಿತ್ತು? ಉತ್ತರ ಗೊತ್ತಿದ್ದೂ ಕೈ ಎತ್ತದ ಒಂದು ದಿನ. ಟೀಚರ್ ನಿನ್ನ ಹೆಸರನ್ನು ತಪ್ಪು ಹೇಳಿದ ದಿನ. ಪೇಪರ್ ವಾಪಸ್ ಕೊಡುವಾಗ ಅವರು ಅದನ್ನು ಕೈಗೆ ಕೊಟ್ಟರಾ, ಬೆಂಚಿಗೆ ಎಸೆದರಾ? ಹತ್ತು ನಿಮಿಷ ಬರವಣಿಗೆ, ಒಂದು ಪುಟ ಮೀರಬಾರದು, "ಇದರಿಂದ ನಾನು ಕಲಿತ ಪಾಠ" ಅಂತ ಕೊನೆಯಲ್ಲಿ ಬರೆಯಲೇಬಾರದು. ಈ ಕೊನೆಯ ನಿಯಮವನ್ನು ಗಟ್ಟಿಯಾಗಿ ಹಿಡಿಯಿರಿ, ಇಲ್ಲದಿದ್ದರೆ ಎಲ್ಲ ಕಥೆಗಳೂ ಪಂಚತಂತ್ರ ಆಗುತ್ತವೆ. ಕೇಳುವವರಿಗೂ ನಿಯಮ ಬೇಕು: "ಪಾಪ" ಅನ್ನಬಾರದು, ಸಲಹೆ ಕೊಡಬಾರದು, "ನನಗೂ ಹೀಗೇ ಆಗಿತ್ತು" ಅಂತ ತಮ್ಮದನ್ನು ನಡುವೆ ತೂರಿಸಬಾರದು. ಎಲ್ಲಿ, ಯಾರು, ಆಮೇಲೇನು ಅಂತ ಮಾತ್ರ ಕೇಳಬಹುದು. ನನ್ನನ್ನು ಕೆಡವಿದ್ದೂ ಅಂಥದೇ ಒಂದು ಪ್ರಶ್ನೆ, ನೋಡಿ.

ಭಾಷೆಯ ಬಗ್ಗೆ ನನಗೆ ಎರಡು ಮಾತಿಲ್ಲ. ಬಾಯಲ್ಲಿ ಹೇಳುವಾಗ ಮನೆಮಾತು, ಬರೆಯುವಾಗ ಕನ್ನಡ. 1956ರಲ್ಲಿ ನಾವು ಕೇರಳಕ್ಕೆ ಸೇರಿದ ಮೇಲೆ ಇಲ್ಲಿಯ ಕನ್ನಡ ಮಾಧ್ಯಮದ ಮಗುವಿಗೆ ಮನೆಯ ಮಾತು ಒಂದು, ಶಾಲೆಯದ್ದು ಒಂದು, ಪಂಚಾಯತ್ ಆಫೀಸಿನದ್ದು ಇನ್ನೊಂದು. ಒಬ್ಬ ಹುಡುಗಿ ಕನ್ನಡದಲ್ಲಿ "ನನಗೆ ಅವಮಾನವಾಯಿತು" ಅಂತ ಬರೆದಿದ್ದಳು. ತುಳುವಿನಲ್ಲಿ ಹೇಳು ಅಂದೆ. ಆಗ ಬಂದದ್ದು ಟೀಚರ್ ಆಡಿದ ಮಾತು, ಅದೇ ಸ್ವರದಲ್ಲಿ: "ನಿಕ್ಕ್ ದಾಲ ಬರ್ಪುಜಿ." ನಿನಗೆ ಏನೂ ಬರುವುದಿಲ್ಲ. ಪುಸ್ತಕದ ಕನ್ನಡ ಅದನ್ನು ಒಂದು ಶಬ್ದದಲ್ಲಿ ಕಟ್ಟಿ ಕಪಾಟಿನಲ್ಲಿಟ್ಟಿತ್ತು. ಕ್ಲಾಸಿನಲ್ಲಿ ತುಳು ಬಾರದವರು ಇದ್ದರೆ ಪಕ್ಕದವರು ಅರ್ಥ ಹೇಳಲಿ. ಮನೆಯ ಮಾತನ್ನು ಶಾಲೆಯ ಮಾತಿಗೆ ತರುವುದು ಹೇಗೂ ಇವರು ನಾಳೆ ದಿನಾ ಮಾಡಬೇಕಾದ ಕೆಲಸ.

ಇನ್ನು ಹೆಸರು ಹೇಳಿದ್ದು, ಅತ್ತದ್ದು. ಇಲ್ಲಿ ಸ್ವಲ್ಪ ನಿಧಾನ ಬೇಕು, ಯಾಕೆಂದರೆ ನಮ್ಮದು ಸಣ್ಣ ಊರು. ಬದಿಯಡ್ಕದಲ್ಲಿ ಹೇಳಿದ್ದು ಸಂಜೆಯ ಬಸ್ಸಿಗೆ ಪೆರ್ಲ ಮುಟ್ಟುತ್ತದೆ. ಬೈಸಿಕೊಂಡ ಮಾಸ್ಟ್ರ ತಂಗಿಯ ಮಗಳು ನಿಮ್ಮ ಕ್ಲಾಸಿನಲ್ಲೇ ಇರಬಹುದು. ಆದ್ದರಿಂದ ವ್ಯಕ್ತಿಯ ಹೆಸರಿಲ್ಲ, ಶಾಲೆಯ ಹೆಸರಿಲ್ಲ, ಊರೂ ಇಲ್ಲ. ಫೋನ್ ಬ್ಯಾಗಿನಲ್ಲಿ. ಒಬ್ಬರ ಕಥೆ ಇನ್ನೊಬ್ಬರ ಸ್ಟೇಟಸ್ ಆಗಬಾರದು. ಹೇಳಲು ಮನಸ್ಸಿಲ್ಲದವರು "ಪಾಸ್" ಅನ್ನಬಹುದು, ಕಾರಣ ಕೇಳಬಾರದು. ನಮ್ಮ ಜಿಲ್ಲೆಯಲ್ಲಿ ಇದು ಸುಮ್ನೆ ಶಿಷ್ಟಾಚಾರದ ಮಾತಲ್ಲ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿ ಜನ ಕಾಯಿಲೆ ಬಿದ್ದ ಎಣ್ಮಕಜೆಯಂಥ ಊರುಗಳಲ್ಲಿ, ಕ್ಯಾಮೆರಾ ಹಿಡಿದು ಬಂದವರಿಗೆಲ್ಲ ತಮ್ಮ ಕಥೆ ಹೇಳಿ ಹೇಳಿ ಸಾಕಾದ ಮನೆಗಳಿವೆ. ಅಂಥ ಮನೆಯ ಹುಡುಗಿಯೊಬ್ಬಳು ನಿಮ್ಮ ಕ್ಲಾಸಿನಲ್ಲಿದ್ದರೆ ಅವಳು ಕಾಯಿಲೆಯ ತಮ್ಮನ ಬಗ್ಗೆ ಹೇಳುತ್ತಾಳೆ ಅಂತ ಎಲ್ಲರೂ ಕಾಯುತ್ತಾ ಕೂತಿರುತ್ತಾರೆ. ಅವಳಿಗೆ ಬೇಕಾದರೆ ಬಸ್ಸು ತಪ್ಪಿದ ಕಥೆ ಹೇಳಲಿ.

ಹಸಿ ಗಾಯವನ್ನು ಕೆದಕಬೇಡಿ. ಹೇಳುವಾಗ ಸ್ವರ ನಡುಗಿದರೆ "ಸಾಕು, ಇಲ್ಲಿಗೆ ನಿಲ್ಲಿಸೋಣ" ಅನ್ನಲು ನಿಮಗೆ ಧೈರ್ಯ ಬೇಕು. ನೀರು ಕೊಡಿ, ಗುಂಪು ಸೇರಲು ಬಿಡಬೇಡಿ, ಕ್ಲಾಸು ಮುಗಿದ ಮೇಲೆ ಒಬ್ಬರೇ ಇರುವಾಗ ಮಾತಾಡಿಸಿ. ನೀವು ಕೌನ್ಸೆಲರ್ ಅಲ್ಲ, ನಾನೂ ಅಲ್ಲ. ಅಭ್ಯಾಸ ಪಾಠಕ್ಕೆ ಹೋದ ಶಾಲೆಯ ಯಾವುದೋ ಮಗುವಿಗೆ ಲೈಂಗಿಕ ದೌರ್ಜನ್ಯ ಆಗುತ್ತಿದೆ ಅಂತ ಇಂಥ ಕಥೆಗಳಲ್ಲಿ ಗೊತ್ತಾದರೆ ಅದು ಕೋಣೆಯೊಳಗಿನ ಗುಟ್ಟಾಗಿ ಉಳಿಯಬಾರದು. 2012ರ ಪೋಕ್ಸೋ ಕಾಯಿದೆಯ 19ನೇ ವಿಧಿ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098 ಇದೆ. "ಇಲ್ಲಿ ಹೇಳಿದ್ದು ಇಲ್ಲಿಯೇ ಇರುತ್ತದೆ, ಒಂದು ಮಗುವಿಗೆ ಅಪಾಯ ಇದ್ದರೆ ಮಾತ್ರ ಇರುವುದಿಲ್ಲ" ಅಂತ ಮೊದಲ ದಿನವೇ ಹೇಳಿಬಿಡಿ. ಆಮೇಲೆ ಹೇಳಿದರೆ ನಂಬಿಕೆ ಮುರಿದ ಹಾಗಾಗುತ್ತದೆ.

ಸಿಲೆಬಸ್ ಪ್ರಶ್ನೆಗೆ ಉಳಿದರ್ಧ ಉತ್ತರ ಚಿಕ್ಕದು. ಶಿಕ್ಷಕ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎನ್‌ಸಿಟಿಇಯ 2014ರ ನಿಯಮಗಳಿಂದ ಬಿ.ಎಡ್. ಎರಡು ವರ್ಷದ್ದಾದಾಗ ತನ್ನನ್ನು ತಾನು ಅರಿಯುವುದಕ್ಕೇ ಒಂದು ಭಾಗ ಅದರಲ್ಲಿ ಬಂತು. ನಿಮ್ಮದು ಡಿ.ಎಲ್.ಎಡ್., ಇರಲಿ. ಪ್ರಿನ್ಸಿಪಾಲರಿಗೆ ಟೀಚಿಂಗ್ ಮ್ಯಾನ್ಯುವಲ್ (ದಿನದ ಪಾಠಯೋಜನೆಯ ಪುಸ್ತಕ) ತೋರಿಸಿ. ಪಾಠದ ನಂತರದ ಅವಲೋಕನಕ್ಕೆ ಅದರಲ್ಲಿ ಜಾಗ ಇದೆ ಅಲ್ವಾ, ಅದನ್ನು ನಮ್ಮ ಮಕ್ಕಳು ಹೇಗೆ ತುಂಬುತ್ತಾರೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು: "ಮಕ್ಕಳು ಉತ್ಸಾಹದಿಂದ ಭಾಗವಹಿಸಿದರು." ಮೂವತ್ತು ಮ್ಯಾನ್ಯುವಲ್‌ನಲ್ಲಿ ಮೂವತ್ತು ದಿನವೂ ಅದೇ ಉತ್ಸಾಹ. ಕಥೆಯನ್ನು ಎರಡು ಸಲ ಹೇಳಿ ಅಭ್ಯಾಸ ಆದವರು ಅಲ್ಲಿ "ಮೂರನೇ ಬೆಂಚಿನ ಹುಡುಗಿ ಇಡೀ ಪೀರಿಯಡ್ ಪೆನ್ಸಿಲ್ ಕೆತ್ತುತ್ತಿದ್ದಳು, ನಾನು ಕಂಡೂ ಕಾಣದ ಹಾಗೆ ಮಾಡಿದೆ" ಅಂತ ಬರೆಯುತ್ತಾರೆ. ಅಂಥ ಒಂದು ಪುಟ ಪ್ರಿನ್ಸಿಪಾಲರ ಮೇಜಿನ ಮೇಲಿಟ್ಟರೆ ಬೇರೆ ವಾದ ಬೇಡ. ಮಾರ್ಕು ಮಾತ್ರ ಕಥೆಗೆ ಕೊಡಬೇಡಿ. ಕೊಟ್ಟರೆ ಮುಂದಿನ ವಾರ ಎಲ್ಲರ ಅಪ್ಪಂದಿರೂ ಕುಡುಕರಾಗುತ್ತಾರೆ, ಎಲ್ಲರೂ ಐದು ಮೈಲಿ ನಡೆದೇ ಶಾಲೆಗೆ ಬಂದಿರುತ್ತಾರೆ. ಮಾರ್ಕು ಕೊಡಲೇಬೇಕಾದರೆ ಎರಡನೇ ಬರವಣಿಗೆಗೆ ಕೊಡಿ, ಇನ್ನೊಬ್ಬರ ಜಾಗ ಎಷ್ಟು ವಿವರವಾಗಿ ಕಂಡಿದೆ ಅನ್ನುವುದಕ್ಕೆ.

ನಿಮ್ಮ ಕಥೆ ಹೇಳಬೇಕಾ? ಹೇಳಬೇಕು, ಮೊದಲು ನೀವೇ ಹೇಳಬೇಕು, ಮತ್ತು ನೀವು ಸೋತದ್ದನ್ನು ಹೇಳಬೇಕು. ಸೋತು ಆಮೇಲೆ ಗೆದ್ದದ್ದು ಬೇಡ, ಅದು ಮತ್ತೆ ಭಾಷಣ. ಐದು ನಿಮಿಷ ಸಾಕು. ಬಾಯಿಪಾಠ ಆಗಿರುವ ಕಥೆಯನ್ನು ಆರಿಸಬೇಡಿ, ನಾನು ಕೆಟ್ಟದ್ದೇ ಅದರಿಂದ.

ಬರುವ ವಾರ ಮೊದಲು ಆ ಹೆಸರು ಹೇಳಿದ ಹುಡುಗನನ್ನು ಬೇರೆ ಕರೆದು ಮಾತಾಡಿ. ಬೈಯಬೇಡಿ, ಅವನಿಗೆ ನಿಯಮ ಯಾರೂ ಹೇಳಿರಲಿಲ್ಲ. ಹೆಸರು ತೆಗೆದು ಅದನ್ನೇ ಬರೆಯಲು ಹೇಳಿ, ಆಮೇಲೆ ಆ ಮಾಸ್ಟ್ರ ಕುರ್ಚಿಯಲ್ಲಿ ಕೂತು ಬರೆಯಲು ಆಗುತ್ತದೋ ಅಂತ ಕೇಳಿ. ಆಗುವುದಿಲ್ಲ ಅಂದರೆ ಒತ್ತಾಯ ಬೇಡ, ಪಕ್ಕದ ಬೆಂಚಿನವನ ಜಾಗ ಕೊಡಿ. ಅತ್ತ ಇಬ್ಬರ ಹತ್ತಿರ ಒಂದೇ ಪ್ರಶ್ನೆ ಕೇಳಿ: ಆ ದಿನ ಹೇಳಿದ್ದು ಕ್ಲಾಸಿನಲ್ಲಿ ಇರಲಿಯಾ, ಅಥವಾ ವಾಪಸ್ ತೆಗೆದುಕೊಳ್ಳುತ್ತೀರಾ? ವಾಪಸ್ ಬೇಕು ಅಂದರೆ ಇನ್ನು ಯಾರೂ ಅದನ್ನು ಎತ್ತಬಾರದು, ನೀವೂ ಸೇರಿ.